ಮಾತು ನಿಂತ ಜಾಗ

"ಹೇಗಿತ್ತು ಸರ್?" ಅಂತ ಪಕ್ಕದ ಬೀದಿಯ ಹುಡುಗ ಇಸ್ಪೀಟಿನ ಜಾದೂ ಮುಗಿಸಿ ಕೇಳಿದ. ನಾನು ತಪ್ಪುಗಳನ್ನು ಬೆರಳು ಮಡಿಸಿ ಎಣಿಸಿದೆ. ಎಡಗೈ ಕಿರುಬೆರಳು ಕಾಣ್ತಿದೆ, ಎರಡು ಎಲೆ ಒಂದಾಗಿ ಎತ್ತುವಾಗ ಅಂಚು ಕೂಡಿಲ್ಲ, ಕಟ್ಟನ್ನು ಕತ್ತು ಹಿಸುಕೋ ಹಾಗೆ ಹಿಡಿದಿದ್ದೀಯ. ಇಷ್ಟನ್ನೂ ಅವನ ತಂಗಿ, ಅವಳ ಗೆಳತಿಯರ ಎದುರಿಗೇ ಹೇಳಿದೆ. ಅಲ್ಲಿಯವರೆಗೆ ಬಾಯಿ ಬಿಟ್ಟುಕೊಂಡು ನೋಡಿದ್ದ ಮಕ್ಕಳು "ಓ, ಎರಡೆರಡು ಎತ್ತಿದ್ದಾ!" ಅಂತ ನಕ್ಕವು. ಹುಡುಗ ಇಸ್ಪೀಟನ್ನು ಡಬ್ಬಿಗೆ ತುಂಬಿ, ಥ್ಯಾಂಕ್ಸ್ ಹೇಳಿ ಹೋದ. ಎರಡು ತಿಂಗಳು ನಮ್ಮ ಮನೆ ಕಡೆ ಸುಳಿಯಲಿಲ್ಲ.

ಅವನು ಮಾಡಿದ್ದು ಹಳೆಯ ಆಟ. ನಾವು ಆರಿಸಿದ ಎಲೆಯನ್ನು ಕಟ್ಟಿನ ನಡುವೆ ತೂರಿಸಿದರೂ ಅದು ಮತ್ತೆ ಮೇಲೆದ್ದು ಬರುತ್ತದೆ. 1922ರಲ್ಲಿ ಶಿಕಾಗೋದಲ್ಲಿ ಡೈ ವರ್ನನ್ ಎಂಬ ಜಾದೂಗಾರ ಇದೇ ಬಗೆಯ ಆಟದಿಂದ ಹೆಸರಾಂತ ಜಾದೂಗಾರ ಹೌಡಿನಿಯನ್ನು ಬೇಸ್ತು ಬೀಳಿಸಿದ್ದ. ಯಾವ ಆಟವನ್ನಾದರೂ ಮೂರು ಸಲ ನೋಡಿದರೆ ಗುಟ್ಟು ಹಿಡಿಯುತ್ತೇನೆ ಎಂಬುದು ಹೌಡಿನಿಯ ಜಂಬ. ವರ್ನನ್ ಮೂರಕ್ಕೆ ನಿಲ್ಲಿಸಲಿಲ್ಲ, ಹೌಡಿನಿಗೆ ಹೊಳೆಯಲೂ ಇಲ್ಲ. ಈ ಕಥೆಯನ್ನು ಹುಡುಗನಿಗೆ ರಸವತ್ತಾಗಿ ಹೇಳಿದವನು ನಾನೇ. ಅದಕ್ಕೇ ಅವನು ಒಂದೇ ರೀತಿಯಲ್ಲಿ ಆರು ಸಲ ಮಾಡಿದ್ದ. ಮೂರಕ್ಕೆ ನಿಲ್ಲಿಸು ಅನ್ನುವ ಒಂದು ಮಾತು ಸಾಕಾಗಿತ್ತು. ಅದೊಂದನ್ನೇ ನಾನು ಹೇಳಿರಲಿಲ್ಲ.

ಕೊನೆಗೆ ನಾನೇ ಫೋನ್ ಮಾಡಿ ಕರೆದೆ. ಈ ಸಲ ನನ್ನ ಹೆಂಡತಿ ಅವರೆಕಾಳು ಹಿಚುಕುತ್ತಾ ಕೂತಿದ್ದಳು. ಅವಳಿಗೆ ಇಸ್ಪೀಟೆಂದರೆ ರಮ್ಮಿ ಮಾತ್ರ. ಆಟ ಮುಗಿದ ಮೇಲೆ ಅವಳೇ ಬಾಯಿ ತೆರೆದಳು. "ಚೆನ್ನಾಗಿತ್ತಪ್ಪ. ಆದ್ರೆ ಎರಡನೇ ಸಲ ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸಿಬಿಟ್ಟೆಯಲ್ಲ, ಆಗ ಇವನೇನೋ ಮಾಡ್ತಿದ್ದಾನೆ ಅನ್ನಿಸ್ತು."

ನನಗೆ ನಾಚಿಕೆಯಾಯಿತು. ನಾನು ಬೆರಳು ನೋಡುತ್ತಿದ್ದೆ, ಅವಳು ಹುಡುಗನನ್ನು ನೋಡುತ್ತಿದ್ದಳು. ಬೆರಳು ಎಲೆಗಳ ನಡುವಿನ ಕಿರುಸಂದು ಹುಡುಕುವಷ್ಟು ಹೊತ್ತು ಅವನ ಬಾಯಿ ಕಟ್ಟುತ್ತಿತ್ತು. ಹುಡುಗ ಸ್ವಲ್ಪ ಯೋಚಿಸಿ, ಮತ್ತೆ ಆಟ ಶುರುಮಾಡಿ, ಆ ಜಾಗಕ್ಕೊಂದು ಪ್ರಶ್ನೆ ತಂದಿಟ್ಟ: "ಆಂಟಿ, ನಿಮ್ಮ ಎಲೆ ಯಾವುದು?" "ಆಟೀನ್ ರಾಣಿ" ಅನ್ನುತ್ತಾ ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ಅಷ್ಟರಲ್ಲಿ ಕೈ ತನ್ನ ಕೆಲಸ ಮುಗಿಸಿತ್ತು. ಅಂಚು ಇನ್ನೂ ಕೂಡಿರಲಿಲ್ಲ, ಯಾರಿಗೂ ಕಾಣಲಿಲ್ಲ ಅಷ್ಟೇ.

ಈಗ ಯಾರಾದರೂ ಆಟ ತೋರಿಸಿದರೆ, ನೋಡಿದವರೆಲ್ಲ ಎದ್ದು ಹೋಗುವ ತನಕ ಬಾಯಿ ಬಿಡುವುದಿಲ್ಲ. ಆಮೇಲೂ ಎಲ್ಲಿ ಬೆರಗಾಯಿತು, ಎಲ್ಲಿ ಅನುಮಾನ ಬಂತು, ಇಷ್ಟನ್ನೇ ಹೇಳುತ್ತೇನೆ. ಯಾಕೆ ಬಂತು ಅನ್ನುವುದನ್ನು ಆಡಿದವರೇ ಹುಡುಕಿಕೊಳ್ಳಲಿ. ಬರೀ 'ಸೂಪರ್' ಅನ್ನುವುದನ್ನೂ ಬಿಟ್ಟಿದ್ದೇನೆ, ಅದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲ. "ಕೊಡಿಲ್ಲಿ, ನಾನು ತೋರಿಸ್ತೀನಿ" ಅಂತ ಕಟ್ಟಿಗೆ ಕೈ ಹಾಕುವ ಚಟ ಮಾತ್ರ ಪೂರ್ತಿ ಹೋಗಿಲ್ಲ.

ಅವತ್ತು ಟಿವಿ ಪಕ್ಕ ಫೋನ್ ನಿಲ್ಲಿಸಿ ವಿಡಿಯೊ ತೆಗೆದಿದ್ದೆವು, ನಮ್ಮ ಕಡೆಗೆ ಮುಖಮಾಡಿ. ಅದರಲ್ಲಿ 'ಆಟೀನ್ ರಾಣಿ' ಅನ್ನುವಾಗ ನನ್ನ ಹೆಂಡತಿ ತಲೆಯೆತ್ತಿ ನಗುತ್ತಿದ್ದಾಳೆ, ಕೈಯಲ್ಲಿ ಅರ್ಧ ಹಿಚುಕಿದ ಅವರೆ. ಪಕ್ಕದಲ್ಲಿ ನಾನು, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ಹುಡುಗನ ಕಿರುಬೆರಳನ್ನೇ ದಿಟ್ಟಿಸುತ್ತಿದ್ದೇನೆ.