ಸೈನ್ಯಸೇವೆಯಿಂದ ಒಕ್ಕಲುತನಕ್ಕೆ: ಮುಂಚಿತವಾಗಿ ಮಾಡತಕ್ಕ ಸಿದ್ಧತೆ

ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿರುವುದರಿಂದ, ವಡಗಾವಿ ಖಾನಾಪುರಗಳ ಕಡೆಯ ಒಕ್ಕಲು ಮನೆತನಗಳಿಗೆ ಸೈನ್ಯಸೇವೆಯು ಹೊಸದಲ್ಲ. ಆದರೆ ಮಗನನ್ನು ದಂಡಿಗೆ ಕಳುಹಿಸುವಾಗ ಇರುವ ಎಚ್ಚರವು ಅವನು ಮರಳಿ ಬರುವಾಗ ಅನೇಕ ಮನೆಗಳಲ್ಲಿ ಇರುವುದಿಲ್ಲ. ಸಿಪಾಯಿಯು ದುಡಿಯುವ ವಯಸ್ಸಿನಲ್ಲಿಯೇ ನಿವೃತ್ತನಾಗುವನು. 2022ರಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯ ಮೇರೆಗೆ ಸೇರಿದವರ ಅವಧಿಯು ನಾಲ್ಕೇ ವರ್ಷ. ಅವರಲ್ಲಿ ನೂರಕ್ಕೆ 25 ಮಂದಿಯವರೆಗೆ ಖಾಯಂ ಸೇವೆಯೆಂದೂ, ಉಳಿದವರಿಗೆ ನಿವೃತ್ತಿವೇತನವಿಲ್ಲದೆ ಸುಮಾರು 11.71 ಲಕ್ಷ ರೂಪಾಯಿಗಳ ಸೇವಾನಿಧಿಯೆಂದೂ ಆಗ ಗೊತ್ತುಪಡಿಸಲಾಯಿತು. ಆದಕಾರಣ ಈ ಕೆಳಗಿನ ಸಂಗತಿಗಳನ್ನು ಹಿಡುವಳಿದಾರರೂ ಗ್ರಾಮದ ಹಿರಿಯರೂ ಲಕ್ಷ್ಯದಲ್ಲಿಡತಕ್ಕದ್ದು.

1. ಭೂಮಿಯ ಹಕ್ಕು. ಕರ್ನಾಟಕ ಭೂಸುಧಾರಣಾ ಕಾಯಿದೆ, 1961ರ 5ನೆಯ ಕಲಮು ಭೂಮಿಯನ್ನು ಗೇಣಿಗೆ ಕೊಡುವುದನ್ನು ನಿಷೇಧಿಸಿದೆ. ಆದರೆ ಸೈನಿಕನಿಗೆ ವಿನಾಯಿತಿಯುಂಟು: ಸೇವೆಯಲ್ಲಿರುವಾಗ ಅಥವಾ ಸೇವೆಗೆ ಸೇರುವ ಮುಂಚಿನ ಮೂರು ತಿಂಗಳೊಳಗೆ ಅವನು ತನ್ನ ಭೂಮಿಯನ್ನು ಲಾವಣಿಗೆ ಕೊಡಬಹುದು. ಮರಳಿದ ಮೇಲೆ ಅದನ್ನು ಹಿಂದಕ್ಕೆ ಪಡೆಯುವ ಹಕ್ಕನ್ನು 15ನೆಯ ಕಲಮು ಕೊಟ್ಟಿದೆ. ಆದರೆ ಇದಕ್ಕೆ ಬರಹದ ನೋಟೀಸು ಅವಶ್ಯಕ. ಬಾಯಿಮಾತಿನ ಕರಾರು ಮುಂದೆ ಅಣ್ಣತಮ್ಮಂದಿರಲ್ಲಿಯೂ ವ್ಯಾಜ್ಯಕ್ಕೆ ಕಾರಣವಾಗುವುದು. ಆದ್ದರಿಂದ ಕರಾರನ್ನು ಬರೆದಿಟ್ಟು, ಪಹಣಿಯಲ್ಲಿ ಮಾಲೀಕನ ಹೆಸರೂ ಸಾಗುವಳಿದಾರನ ಹೆಸರೂ ಸರಿಯಾಗಿವೆಯೇ ಎಂದು ಪ್ರತಿ ವರ್ಷವೂ ನೋಡತಕ್ಕದ್ದು.

2. ನೆಲದ ಪರಿಚಯ. ಬಂದೂಕು ಹಿಡಿದ ಕೈಗೆ ಕೂರಿಗೆಯು ಒಂದೇ ದಿನದಲ್ಲಿ ಒಗ್ಗುವುದಿಲ್ಲ. ಖಾನಾಪುರದ ಪಶ್ಚಿಮಕ್ಕೆ, ಮಲಪ್ರಭೆಯು ಹುಟ್ಟುವ ಕಣಕುಂಬಿಯ ಕಡೆ, ಮಳೆಯು ಬಹಳ. ಪೂರ್ವಕ್ಕೆ ಬಂದಂತೆ ಕಡಿಮೆ. ಒಂದೇ ತಾಲ್ಲೂಕಿನಲ್ಲಿಯೂ ಒಂದು ಊರಿನ ಪದ್ಧತಿಯು ಇನ್ನೊಂದಕ್ಕೆ ಹೊಂದಲಾರದು. ಸೇವೆಯ ಕೊನೆಯ ಎರಡು ವರ್ಷಗಳ ರಜೆಗಳಲ್ಲಿ ಒಂದನ್ನು ಬಿತ್ತನೆಯ ಕಾಲಕ್ಕೂ ಇನ್ನೊಂದನ್ನು ಸುಗ್ಗಿಯ ಕಾಲಕ್ಕೂ ತೆಗೆದುಕೊಳ್ಳುವುದು ಲೇಸು. ಆ ಅವಧಿಯಲ್ಲಿಯೇ ಮಣ್ಣನ್ನು ಪರೀಕ್ಷೆಗೆ ಕೊಟ್ಟು, ಹೋಬಳಿಯ ರೈತ ಸಂಪರ್ಕ ಕೇಂದ್ರದ ಸಲಹೆಯನ್ನು ಪಡೆಯತಕ್ಕದ್ದು.

3. ಹಣದ ವಿನಿಯೋಗ. ಒಟ್ಟಿಗೆ ಕೈಸೇರಿದ ಹಣವು ಮನೆ, ಮದುವೆ, ಕೊಳವೆಬಾವಿಗಳಲ್ಲಿ ಬೇಗನೆ ಕರಗುವುದು. ನೀರು ಬೀಳದ ಒಂದೇ ಬಾವಿಯು ಹಲವು ವರ್ಷಗಳ ಗಳಿಕೆಯನ್ನು ನುಂಗೀತು. ಮೊದಲು ಎರಡು ಹಂಗಾಮುಗಳ ಮನೆಖರ್ಚನ್ನು ಬೇರೆ ತೆಗೆದಿಟ್ಟು, ಮೊದಲ ವರ್ಷ ಒಂದೆರಡು ಎಕರೆಯಲ್ಲಿ ಮಾತ್ರ ಸ್ವತಃ ಸಾಗುವಳಿ ಮಾಡಿ, ಆಯವ್ಯಯವನ್ನು ಬರೆದಿಟ್ಟು, ಲಾಭನಷ್ಟವನ್ನು ಕಂಡ ಬಳಿಕ ವಿಸ್ತರಿಸುವುದು ಕ್ಷೇಮ. ಭೂಮಿಯು ಸಾಲದವರು ಹೈನನ್ನಾಗಲಿ, ವಡಗಾವಿಯಂಥ ಊರುಗಳಲ್ಲಿ ನೇಯ್ಗೆಯನ್ನಾಗಲಿ ಜೊತೆಗೆ ಹಿಡಿಯಬಹುದು.

4. ಕಾಗದಪತ್ರಗಳು. ಬಿಡುಗಡೆಯ ಪುಸ್ತಕ, ಬ್ಯಾಂಕಿನ ಖಾತೆ, ಹೆಂಡತಿ ಮಕ್ಕಳ ಹೆಸರುಗಳ ದಾಖಲೆ ಇವುಗಳನ್ನು ಹೊರಡುವ ಮುನ್ನವೇ ಸರಿಪಡಿಸಿಕೊಳ್ಳತಕ್ಕದ್ದು. ಒಂದಕ್ಷರದ ವ್ಯತ್ಯಾಸದಿಂದ ವಿಧವೆಯ ವೇತನವು ತಡೆದೀತು. ಊರಿಗೆ ಬಂದೊಡನೆ ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ, ತನಗೆ ಅನ್ವಯಿಸುವ ಸೌಲಭ್ಯಗಳನ್ನು ವಿಚಾರಿಸಬೇಕು.

5. ಹಿರಿಯರ ಕರ್ತವ್ಯ. ಹೊತ್ತಿಗೆ ಸರಿಯಾಗಿ ಏಳುವ, ಲೆಕ್ಕವಿಡುವ, ಯಂತ್ರವನ್ನು ಬಲ್ಲ ಮನುಷ್ಯನು ಸಹಕಾರ ಸಂಘಕ್ಕೂ ಕೆರೆಯ ಕೆಲಸಕ್ಕೂ ದೊಡ್ಡ ಆಸರೆಯು. ಅಂಥವನನ್ನು ಸನ್ಮಾನದ ಹಾರ ಹಾಕಿ ಮರೆತುಬಿಡಬಾರದು. ಅವನಿಗೆ ಒಂದು ಹೊಣೆಯನ್ನು ಒಪ್ಪಿಸಿ, ಮೊದಲ ಹಂಗಾಮಿನಲ್ಲಿ ಎತ್ತು, ಬೀಜ, ಬುದ್ಧಿಮಾತುಗಳಿಂದ ನೆರವಾಗಬೇಕು. ಗಡಿಯನ್ನು ಕಾಯ್ದು ಬಂದವನ ಬದುವನ್ನು ಊರು ಕಾಯ್ದರೆ, ಅವನೂ ಊರಿನವನಾಗಿ ನೆಲೆಗೊಳ್ಳುವನು.