ಸಂದರ್ಶನಕ್ಕೆ ಹೊರಡುವ ಮುನ್ನ

‘ನಿಮ್ಮ ಬಗ್ಗೆ ಹೇಳಿ’ ಎಂದು ಸಂದರ್ಶಕರು ಕೇಳಿದೊಡನೆ ನಮ್ಮ ಅನೇಕ ಹುಡುಗ ಹುಡುಗಿಯರು ತಲೆ ತಗ್ಗಿಸುತ್ತಾರೆ. ತನ್ನ ಅರ್ಹತೆಯನ್ನು ತಾನೇ ಹೇಳಿಕೊಳ್ಳುವುದು ಅಹಂಕಾರವೆಂಬ ಅಳುಕು ಅವರಿಗೆ. ಪವಿತ್ರ ಕುರ್‌ಆನಿನ 12ನೇ ಅಧ್ಯಾಯವನ್ನು ಈ ದೃಷ್ಟಿಯಿಂದ ಒಮ್ಮೆ ಓದಬೇಕು.

ಈಜಿಪ್ಟಿನ ಅರಸನು ಕರೆ ಕಳುಹಿಸಿದಾಗ ಯೂಸುಫ್(ಅ) ಸೆರೆಮನೆಯಿಂದ ಓಡೋಡಿ ಬರಲಿಲ್ಲ. ಮೊದಲು ತಮ್ಮ ಮೇಲಿನ ಆರೋಪದ ವಿಚಾರಣೆ ನಡೆಯಲಿ ಎಂದರು. ಕಳಂಕ ಕಳೆದ ಬಳಿಕವೇ ಅರಸನೆದುರು ನಿಂತು, ನಾಡಿನ ಉಗ್ರಾಣಗಳ ಹೊಣೆ ಕೇಳಿದರು. ಕೊಟ್ಟ ಕಾರಣ ಎರಡೇ: ತಾನು ‘ಹಫೀಝ್’, ತಾನು ‘ಅಲೀಮ್’. ಅಂದರೆ ಕಾಪಾಡುವವನು, ಬಲ್ಲವನು. ವಂಶದ ಹಿರಿಮೆ ಹೇಳಲಿಲ್ಲ. ಸೆರೆವಾಸದ ಕಷ್ಟ ತೋಡಿಕೊಂಡು ಕನಿಕರ ಬೇಡಲಿಲ್ಲ. ಧಾನ್ಯವನ್ನು ತೆನೆಯಲ್ಲೇ ಉಳಿಸಿ ಏಳು ವರ್ಷಗಳ ಬರಗಾಲಕ್ಕೆ ಕಾಯ್ದಿಡುವ ಅವರ ಉಪಾಯ ಅದಕ್ಕೂ ಮೊದಲೇ ಅರಸನಿಗೆ ತಲುಪಿತ್ತು.

ಅಧಿಕಾರವನ್ನು ಕೇಳಿ ಪಡೆಯಬೇಡ ಎಂದು ಪ್ರವಾದಿ(ಸ) ಅಬ್ದುರ್ರಹ್ಮಾನ್ ಬಿನ್ ಸಮುರಾ(ರ)ರಿಗೆ ಉಪದೇಶಿಸಿದ್ದುಂಟಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಆಳುವ ಪದವಿಯ ಮಾತು. ಗುಮಾಸ್ತನ ಕೆಲಸದ ಅರ್ಜಿಗೆ ಅದನ್ನು ಅನ್ವಯಿಸುವುದು ಸರಿಯಲ್ಲ.

ಇನ್ನು ನಮ್ಮ ಸಿದ್ಧತೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ನಮ್ಮ ಮನೆಗಳಲ್ಲಿ ಇದು ಸಾಮಾನ್ಯ. ಅರ್ಜಿ ಹಾಕುವ ಮೊದಲೇ ಅದನ್ನು ಸರಿಪಡಿಸಿಕೊಳ್ಳಿರಿ. ಮಾಡಿ ಮುಗಿಸಿದ ಒಂದು ಕೆಲಸವನ್ನು ಆರಿಸಿ, ಮನೆಯವರೆದುರು ಎರಡು ನಿಮಿಷ ಹೇಳಿ ನೋಡಿರಿ. ಮಸೀದಿ ಕಮಿಟಿಯ ಲೆಕ್ಕ ಬರೆದದ್ದಾಗಲಿ, ತಂದೆಯ ಅಂಗಡಿಯ ದಾಸ್ತಾನು ನೋಡಿಕೊಂಡದ್ದಾಗಲಿ, ಯಾವುದಾದರೂ ಸರಿ. ಬಾರದ ಕಂಪ್ಯೂಟರ್ ಕೆಲಸವನ್ನು ಬರುತ್ತದೆ ಎನ್ನಬೇಡಿರಿ. ಕಲಿಯಲು ಎಷ್ಟು ದಿನ ಬೇಕೆಂದು ಹೇಳಿರಿ.