ಮುಟ್ಟುಗೋಲಾದ ಗಾಡಿಗೆ ಮೇಲ್ಮನವಿ

ಪ್ರಶ್ನೆ: ಚಾಲಕ ನನ್ನ ಗೂಡ್ಸ್ ಗಾಡಿಯಲ್ಲಿ ಬೀಟೆ ನಾಟಾ ಸಾಗಿಸಿ ಸಿಕ್ಕಿಬಿದ್ದ. ನನಗೆ ನೋಟಿಸೇ ಬರಲಿಲ್ಲ. ಅರಣ್ಯಾಧಿಕಾರಿ ಗಾಡಿ ಮುಟ್ಟುಗೋಲಿಗೆ ಆದೇಶಿಸಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಆದೇಶದ ಪ್ರತಿ ನಿಮ್ಮ ಕೈಸೇರಿದ ದಿನಾಂಕ ನೋಡಿಕೊಳ್ಳಿ. ಕರ್ನಾಟಕ ಅರಣ್ಯ ಕಾಯ್ದೆ, 1963ರ ಕಲಂ 71-ಡಿ ಪ್ರಕಾರ ಅಲ್ಲಿಂದ 30 ದಿನದೊಳಗೆ ಸೆಷನ್ಸ್ ನ್ಯಾಯಾಧೀಶರಿಗೆ ಮೇಲ್ಮನವಿ ಸಲ್ಲಿಸಬೇಕು. ಕ್ರಿಮಿನಲ್ ಕೇಸು ಮುಗಿಯಲೆಂದು ಕಾಯಬೇಡಿ, ಅದರ ದಾರಿಯೇ ಬೇರೆ. ನೋಟಿಸ್ ಕೊಡದೆ ಮುಟ್ಟುಗೋಲು ಹಾಕುವಂತಿಲ್ಲ. ಹಾಗಾಗಿ ಕಡತದ ದೃಢೀಕೃತ ನಕಲು ತೆಗೆಸಿ, ನೋಟಿಸ್ ಯಾವ ವಿಳಾಸಕ್ಕೆ ಹೋಗಿದೆ, ಸ್ವೀಕೃತಿಯಲ್ಲಿ ಯಾರ ಸಹಿಯಿದೆ ನೋಡಿ. ಆದರೆ ಈ ಲೋಪವೊಂದರಿಂದಲೇ ಗೆದ್ದರೆ ಪ್ರಕರಣ ಮರುವಿಚಾರಣೆಗೆ ವಾಪಸಾಗಬಹುದು. ಆಗ ‘ಗೊತ್ತಿರಲಿಲ್ಲ’ ಎಂದರಷ್ಟೇ ಸಾಲದು. ದುರ್ಬಳಕೆ ತಡೆಯಲು ಎಚ್ಚರ ವಹಿಸಿದ್ದಕ್ಕೆ ಪುರಾವೆಯಾಗಿ ಟ್ರಿಪ್ ಶೀಟ್, ಬಾಡಿಗೆ ರಸೀದಿಗಳನ್ನು ಜೋಡಿಸಿಡಿ. ಈ ವಾರವೇ ಕ್ರಿಮಿನಲ್ ವಕೀಲರನ್ನು ಕಂಡು, ಮೇಲ್ಮನವಿಯ ಜೊತೆಗೇ ಹರಾಜಿಗೆ ತಡೆಯಾಜ್ಞೆ ಕೇಳಿ.